ಹೆಬ್ಬೆರಳಿನ ಕಪ್ಪು

ಕೋಟುಗಳು ಮೂರನೆಯ ಸಲ ವಾಪಸ್ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ನಾನು ಬೆಳಗ್ಗೆ ಎಂಟರಿಂದ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಬಂದವಳು. ಯಾರ ಜಗಳ ಮುಗಿಯಲಿ ಎಂದೂ ನನ್ನ ಹೊಟ್ಟೆ ಕಾಯುವುದಿಲ್ಲ.

ನಮ್ಮದು ಬಣ್ಣ ಹಾಕುವವರ ಮನೆ. ಮುಂದೆ ಅಂಗಡಿ, ನಡುವೆ ನಾವು, ಹಿತ್ತಲಲ್ಲಿ ಮೂರು ಹಂಡೆ. ಮಾಸಿದ ಬಟ್ಟೆಗೆ ಮತ್ತೆ ಬಣ್ಣ ಹಾಕಿಕೊಡುವುದು ಕಸುಬು, ಅದರಲ್ಲೂ ಕಪ್ಪು. ವಕೀಲರ ಕೋಟು, ಹೋಟೆಲಿನವರ ಪ್ಯಾಂಟು, ಬ್ಯಾಂಡಿನವರ ಜಾಕೀಟು, ಕೊಡೆಯ ಬಟ್ಟೆ. ಅಂಗಡಿಗೆ ಆ ಕಪ್ಪಿನಿಂದಲೇ ಹೆಸರು, ಹೆಸರು ತಂದವರು ನನ್ನ ಅತ್ತೆ. ಅವರು ಪುಡಿ ಕಲಸಿದ ಕಪ್ಪು ಬಿಸಿಲಿಗೂ ಜಗ್ಗುತ್ತಿರಲಿಲ್ಲ, ಸೋಪಿಗೂ ಜಗ್ಗುತ್ತಿರಲಿಲ್ಲ ಎಂದು ಬೀದಿಯವರು ಇಂದಿಗೂ ಹೇಳುತ್ತಾರೆ. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಅಳತೆಯನ್ನು ಅವರು ಎಲ್ಲೂ ಬರೆದಿಟ್ಟಿರಲಿಲ್ಲ, ಯಾರಿಗೂ ಹೇಳಿಕೊಟ್ಟಿರಲೂ ಇಲ್ಲ.

ಕೋಟು ಹೊಲಿಯುವ ದರ್ಜಿ ಆವತ್ತು ಗಂಟನ್ನು ಕೌಂಟರಿನ ಮೇಲೆ ಇಟ್ಟು ಒಂದು ಕೋಟನ್ನು ಬಿಡಿಸಿ ಹಿಡಿದ.

“ಯಜಮಾನ್ರೆ, ಇದು ಕಪ್ಪಾ?”

“ಕಪ್ಪೇ,” ಎಂದರು ಮಾವ.

“ನನ್ನ ಕಣ್ಣಿಗೆ ಹಳೇ ಟೀ ಥರ ಕಾಣುತ್ತೆ. ಇದನ್ನ ಹಾಕ್ಕೊಂಡು ವಾದ ಮಾಡೋಕೆ ನಿಂತ್ರೆ ಜಡ್ಜು ಕಕ್ಷಿದಾರನ್ನ ಬಿಟ್ಟು ವಕೀಲರನ್ನೇ ಒಳಗೆ ಹಾಕ್ತಾರೆ.”

“ಮಾದರಿಗೆ ಸರಿಯಾಗೇ ಇದೆ.”

“ಯಾವ ಮಾದರಿ? ತೋರ್ಸಿ.”

ಮಾವ ತೋರಿಸಲಿಲ್ಲ. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಇನ್ನೊಂದೇ ಸಲ ನೋಡುತ್ತೇನೆ, ಆಮೇಲೆ ಬೇರೆ ಅಂಗಡಿ, ಎಂದು ದರ್ಜಿ ಹೋದ.

ಊಟಕ್ಕೆ ಕೂತಾಗ ನಮ್ಮವರು ಮಾತು ತೆಗೆದರು. ನನ್ನ ಗಂಡ ಒಳ್ಳೆಯವರು, ಆದರೆ ಹೇಳಬಾರದ ಹೊತ್ತಿನಲ್ಲೇ ಹೇಳಬೇಕಾದ್ದನ್ನು ಹೇಳುತ್ತಾರೆ.

“ಅಪ್ಪ, ರೆಡಿ ಪುಡಿ ತರೋಣ. ಪ್ಯಾಕೆಟ್ ಒಡಿ, ಹಂಡೆಗೆ ಹಾಕು, ಮುಗೀತು. ಊರೆಲ್ಲ ಅದನ್ನೇ ಹಾಕ್ತಿದೆ.”

“ಊರೆಲ್ಲ ಹಾಕೋದಾದ್ರೆ ಊರೆಲ್ಲ ನಮ್ಮ ಹತ್ರ ಯಾಕೆ ಬರಬೇಕು?”

“ಈಗ ಯಾರು ಬರ್ತಿದಾರೆ?”

ಮಾವ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. “ನಿಮ್ಮಮ್ಮನ ಮಾದರಿ ಚೂರುಗಳು ಇದ್ದಿದ್ರೆ ಈ ಗತಿ ಬರ್ತಿರ್ಲಿಲ್ಲ. ಚಿಂದಿ ಅಂತ ಎಸೆದವರನ್ನ ಕೇಳು.”

ಈ ಮಾತು ಅಕ್ಕನಿಗೆ. ಅಕ್ಕ ಎಂದರೆ ಮಾವನ ಅಕ್ಕ. ಆದರೆ ಬೀದಿಗೆಲ್ಲ ಅಕ್ಕ, ನನಗೂ ಅಕ್ಕ. ಅತ್ತೆ ಹೋದ ಮೂರನೆಯ ದಿನ ಮನೆ ತೊಳೆಯುವಾಗ ಹಿತ್ತಲ ಬಾಗಿಲಿನ ಮೊಳೆಗೆ ಸಿಕ್ಕಿಸಿದ್ದ ಬಟ್ಟೆ ಚೂರುಗಳ ಗೊಂಚಲನ್ನು ಅವರು ಕಸದ ಜೊತೆ ಹಾಕಿಬಿಟ್ಟಿದ್ದರು. ಗಟ್ಟಿ ಕೆಲಸದವರು ಎಸೆಯುವುದೂ ಗಟ್ಟಿಯಾಗಿಯೇ. ಅತ್ತೆಯ ಕೈಯ ಕಪ್ಪು ಆವತ್ತಿನಿಂದ ಮನೆಯಲ್ಲಿ ಒಂದು ಎಳೆಯೂ ಇಲ್ಲ. ನಾವ್ಯಾರೂ ಕಪ್ಪು ಬಟ್ಟೆ ಹಾಕುವವರಲ್ಲ. ದಿನವಿಡೀ ಅದನ್ನೇ ನೋಡಿದವರಿಗೆ ಮೈಮೇಲೂ ಅದು ಬೇಡ.

“ಎರಡು ವರ್ಷ ಆಯ್ತು,” ಎಂದರು ಅಕ್ಕ, ಅನ್ನ ಬಡಿಸುತ್ತಲೇ. “ಇನ್ನೆಷ್ಟು ಸಲ ನೇಣು ಹಾಕ್ತೀಯ ನನ್ನ? ಹಗ್ಗ ಸವೆದುಹೋಗಿದೆ.”

ಮಾವ ಎದ್ದು ಕೈ ತೊಳೆದರು. ಅವರ ತಟ್ಟೆಯ ಮೊಟ್ಟೆ ಹಾಗೇ ಉಳಿದಿತ್ತು.

ಯಾವ ಮಾದರಿ ಎಂಬುದು ನನಗೆ ಗೊತ್ತಾದದ್ದು ಮರುದಿನ ಬೆಳಗ್ಗೆ. ಬಣ್ಣವನ್ನು ದೀಪದ ಬೆಳಕಿನಲ್ಲಿ ನೋಡಬಾರದು, ಹಗಲಿನ ಬೆಳಕಿನಲ್ಲೇ ನೋಡಬೇಕು. ಅದಕ್ಕೆ ಮಾವ ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಾರೆ. ನಾನು ಹಾಲಿನ ಪಾತ್ರೆ ತೊಳೆಯಲು ಹೋದಾಗ ಅವರು ಹಂಡೆಯಿಂದ ತೆಗೆದ ಬಟ್ಟೆಯ ಚೂರೊಂದನ್ನು ಬಲಗೈಯ ಹೆಬ್ಬೆರಳಿನ ಉಗುರಿನ ಪಕ್ಕ ಇಟ್ಟು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

“ಏನು ಮಾವ ಅದು?”

ಮುಚ್ಚಿಕೊಳ್ಳುತ್ತಾರೆ ಎಂದುಕೊಂಡೆ. ಮುಚ್ಚಲಿಲ್ಲ. ಉಗುರನ್ನು ನನ್ನತ್ತ ಹಿಡಿದರು.

“ಅವಳು ಕಲಸಿದ ಕೊನೇ ಹಂಡೆ ನೆನಪಿದೆಯಾ? ಆವತ್ತು ಮುಚ್ಚಳ ಬಿದ್ದು ಈ ಉಗುರು ಜಜ್ಜಿಹೋಯ್ತು. ಅದೇ ಕೈಯನ್ನ ಬಣ್ಣದಲ್ಲಿ ಅದ್ದಿದೆ. ಒಳಗೆ ಇಳೀತು. ಆ ವಾರವೇ ಅವಳು ಮಲಗಿದ್ದು. ಬೇರೆ ಬೆರಳಿನ ಬಣ್ಣ ಬರುತ್ತೆ, ಹೋಗುತ್ತೆ. ಇದು ನೋಡು, ಎರಡು ವರ್ಷ. ಅವಳ ಕಪ್ಪು ಬಿಡೋದಿಲ್ಲ.”

ತುಂಬಾ ಹೆಮ್ಮೆಯಿಂದ ಹೇಳಿದರು. ಈ ಮನೆಯಲ್ಲಿ ಎಲ್ಲರ ಉಗುರೂ ಕಪ್ಪು. ಒಬ್ಬರ ಉಗುರನ್ನು ಇನ್ನೊಬ್ಬರು ನೋಡುವ ಪದ್ಧತಿಯೇ ಇಲ್ಲ. ಹತ್ತಿರದಿಂದ ನೋಡಿದಾಗ ಅದು ದಪ್ಪಗೆ ಎದ್ದಿತ್ತು, ಒಂದು ಪಕ್ಕ ಪುಡಿಪುಡಿಯಾಗಿ ಉದುರುತ್ತಿತ್ತು, ಅಂಚಿನಲ್ಲಿ ಕಂದು, ಅದರೊಳಗೆ ಹಳದಿ. ದಿನಕ್ಕೆ ನಾಲ್ಕು ಜನಕ್ಕೆ ಉಗುರಿನ ಮುಲಾಮು ಕಟ್ಟಿಕೊಡುವವಳು ನಾನು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

“ಮಾವ, ಇದನ್ನ ಡಾಕ್ಟರಿಗೆ ತೋರಿಸಬೇಕು.”

“ಬಣ್ಣಕ್ಕೆ ಡಾಕ್ಟರಾ?”

“ಇದು ಬಣ್ಣ ಥರ ಕಾಣ್ತಿಲ್ಲ.”

“ನಲವತ್ತು ವರ್ಷ ಬಣ್ಣದಲ್ಲಿ ಕೈ ಅದ್ದಿದವನು ನಾನು. ನೀನು ಮಾತ್ರೆ ಎಣಿಸೋಳು,” ಎಂದು ಒಳಗೆ ಹೋದರು.

ಮನೆಯಲ್ಲಿ ಸುದ್ದಿ ಹರಡಿತು. ಅಕ್ಕ ಬಟ್ಟಲಲ್ಲಿ ವಿನೆಗರ್ ತಂದು, “ಇದರಲ್ಲಿ ಅದ್ದಿ ಕೂತ್ಕೋ,” ಎಂದರು. ನಮ್ಮವರು ಬಟ್ಟೆಗೆ ಹಾಕುವ ಬ್ಲೀಚಿಗೇ ಕೈ ಹಾಕಿದರು. ನಾನು ಇಬ್ಬರ ಕೈಯಿಂದಲೂ ಕಿತ್ತುಕೊಂಡೆ. ಮಾವನಿಗೆ ಎಲ್ಲರ ಮೇಲೂ ಸಿಟ್ಟು. ಒಂದು ವಾರ ಬಲಗೈಯನ್ನು ಜೇಬಿನಿಂದ ತೆಗೆಯದೆ ಓಡಾಡಿದರು, ಟೀ ಕೂಡ ಎಡಗೈಯಲ್ಲಿ ಕುಡಿದರು.

ಕೊನೆಗೆ ನಾನೊಂದು ಉಪಾಯ ಮಾಡಿದೆ. ಸುಳ್ಳಲ್ಲ, ಅರ್ಧ ನಿಜ.

“ಮಾವ, ಚರ್ಮದ ಡಾಕ್ಟರ ಹತ್ರ ದೀಪ ಇರೋ ಭೂತಗನ್ನಡಿ ಇದೆ. ಉಗುರಲ್ಲಿರೋದು ಬಣ್ಣವೋ ಏನು ಅಂತ ಅದರಲ್ಲಿ ನೋಡ್ತಾರೆ. ಬಣ್ಣ ಅಂತ ಅವರೇ ಬರೆದುಕೊಟ್ರೆ ದರ್ಜಿ ಮುಖಕ್ಕೆ ಹಿಡೀಬಹುದು.”

ಅವರು ಸ್ವಲ್ಪ ಯೋಚಿಸಿದರು. “ಬರೆದುಕೊಡ್ತಾರಾ?”

“ಇದ್ದದ್ದು ಇದ್ದ ಹಾಗೆ ಬರೀತಾರೆ.”

ಬುಧವಾರ ಒಗೆದ ಅಂಗಿ ಹಾಕಿಕೊಂಡು ಹೊರಟರು.

ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಮಾವನ ಬೆರಳನ್ನು ಮೇಜಿನ ದೀಪದ ಕೆಳಗೆ ಇಟ್ಟು ತುಂಬಾ ಹೊತ್ತು ನೋಡಿದರು. ಮಾವ ಅತ್ತೆಯ ಕೊನೆಯ ಹಂಡೆಯಿಂದ ಹಿಡಿದು ದರ್ಜಿಯವರೆಗೆ ಎಲ್ಲವನ್ನೂ ಹೇಳಿದರು. ಡಾಕ್ಟರು ನಡುವೆ ಬಾಯಿ ಹಾಕದೆ ಕೇಳಿ, ಆಮೇಲೆ ಪ್ರಶ್ನೆ ಶುರುಮಾಡಿದರು.

“ಕಪ್ಪು ಬುಡದಿಂದ ಗೆರೆ ಥರ ಬಂತಾ, ತುದಿಯಿಂದ ಹಿಂದಕ್ಕೆ ಬಂತಾ?”

“ಪಕ್ಕದಿಂದ. ಆಮೇಲೆ ಹರಡ್ತು.”

“ಚರ್ಮಕ್ಕೆ ಹರಡಿದೆಯಾ? ನೋವು, ರಕ್ತ?”

“ಇಲ್ಲ.”

“ದಿನಾ ಎಷ್ಟು ಹೊತ್ತು ಕೈ ನೀರಲ್ಲಿರುತ್ತೆ?”

“ನೀರಿಂದ ಹೊರಗೆ ಎಷ್ಟು ಹೊತ್ತು ಇರುತ್ತೆ ಅಂತ ಕೇಳಿ.”

ಅವರು ನಕ್ಕರು. ಸಣ್ಣ ಇಕ್ಕಳದಿಂದ ಉಗುರಿನ ಒಂದು ಚೂರು ಕತ್ತರಿಸಿದರು, ಉಗುರಿನ ಕೆಳಗಿನ ಪುಡಿಯನ್ನೂ ಕೆರೆದು ಪುಟ್ಟ ಡಬ್ಬಿಗೆ ಹಾಕಿದರು. ಮಾವ ಆ ಚೂರನ್ನೇ ನೋಡುತ್ತಿದ್ದರು.

“ಅದನ್ನ ವಾಪಸ್ ಕೊಡ್ತೀರಾ?”

“ಇಲ್ಲ. ಒಂದು ಭಾಗ ಕರಗಿಸಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ. ಇನ್ನೊಂದು ಭಾಗದಲ್ಲಿ ಏನಾದ್ರೂ ಬೆಳೆಯುತ್ತಾ ಅಂತ ಇಟ್ಟು ನೋಡ್ತಾರೆ. ಅದಕ್ಕೆ ಮೂರು, ನಾಲ್ಕು ವಾರ ಬೇಕು. ಅಲ್ಲೀವರೆಗೆ ಮುಲಾಮು ಬೇಡ, ವಿನೆಗರ್ ಬೇಡ, ಏನೂ ಬೇಡ.”

ಮಾವ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಡಾಕ್ಟರು ನನ್ನನ್ನು ಕರೆದು ಹೇಳಿದರು: ನನಗೆ ಇದು ಫಂಗಸ್ ಅನ್ನಿಸುತ್ತೆ. ಆದರೆ ಕಪ್ಪಾದ ಉಗುರನ್ನ ಕಣ್ಣಲ್ಲಿ ನೋಡಿ ನಿರ್ಧಾರ ಮಾಡಬಾರದು. ಅಪರೂಪಕ್ಕೆ ಉಗುರಿನ ಬುಡದಲ್ಲಿ ಕೆಟ್ಟ ಗಡ್ಡೆ ಬೆಳೆದಾಗಲೂ ಹೀಗೇ ಕಾಣುತ್ತೆ. ಅದಲ್ಲ ಅಂತ ಖಚಿತ ಆಗಲಿ.

ನಾನು ಮಾಡಿದ ತಪ್ಪೆಂದರೆ ಇದನ್ನು ನಮ್ಮವರಿಗೆ ಹೇಳಿದ್ದು. ಆ ಮನುಷ್ಯ ರಾತ್ರೋರಾತ್ರಿ ಬದಲಾಗಿಬಿಟ್ಟರು. ರೆಡಿ ಪುಡಿಯ ಮಾತೇ ಇಲ್ಲ. ಹಂಡೆ ಎತ್ತುವಾಗ, “ನೀವು ಬಿಡಿ ಅಪ್ಪ.” ಊಟಕ್ಕೆ ಕೂತರೆ ತಮ್ಮ ಆಲೂಗಡ್ಡೆಯನ್ನು ಅಪ್ಪನ ತಟ್ಟೆಗೆ ಹಾಕುವುದು. ಅಪ್ಪ ಹಾಡಿದ್ದೇ ರಾಗ.

“ಇವನಿಗೇನು ಬಂತು?” ಎಂದು ಮಾವ ನನ್ನನ್ನು ಕೇಳಿದರು. “ಮಗ ಇಷ್ಟು ಒಳ್ಳೆಯವನಾದ್ರೆ ಭಯ ಆಗುತ್ತಮ್ಮ.”

ಅಕ್ಕನಿಗೆ ಯಾರೂ ಹೇಳಿರಲಿಲ್ಲ, ಆದರೆ ಅವರು ವಾಸನೆ ಹಿಡಿದಿದ್ದರು. ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತ, “ಅವನಿಗೇನಾದ್ರೂ ಆದ್ರೆ ಆ ಚಿಂದಿ ಮಾತನ್ನ ನನ್ನ ಮೇಲೆ ಇಟ್ಟೇ ಹೋಗ್ತಾನೆ,” ಎಂದರು. ಆಮೇಲೆ ಬಹಳ ಹೊತ್ತು ಒಂದೇ ಟವೆಲನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದರು. ನನಗೆ ಅವರನ್ನು ನೋಡಿ ಸಂಕಟವಾಯಿತು.

ಮಾವ ಮಾತ್ರ ಎಂದಿನಂತೆ ದಿನಾ ಬೆಳಗ್ಗೆ ಹಿತ್ತಲ ಬಾಗಿಲಲ್ಲಿ ಉಗುರನ್ನು ಹಿಡಿದು ಬಣ್ಣ ಸರಿಮಾಡುತ್ತಿದ್ದರು. ಡಾಕ್ಟರು ಕತ್ತರಿಸಿದ ಜಾಗವನ್ನು ಆಗಾಗ ತೋರುಬೆರಳಿನಿಂದ ಸವರಿ ನೋಡಿಕೊಳ್ಳುತ್ತಿದ್ದರು.

ಇಪ್ಪತ್ತಾರನೆಯ ದಿನ ವರದಿ ಬಂತು. ಗಡ್ಡೆಯಲ್ಲ. ಫಂಗಸ್, ಅದೂ ಕಪ್ಪು ಬಣ್ಣ ಬಿಡುವ ಜಾತಿಯದು. ಡಾಕ್ಟರು ಕಾಗದದ ಮೇಲೆ ಉಗುರಿನ ಚಿತ್ರ ಬರೆದು ತೋರಿಸಿದರು.

“ಜಜ್ಜಿದ ಉಗುರು, ದಿನವಿಡೀ ನೀರು. ಅದಕ್ಕೆ ಇನ್ನೇನು ಬೇಕು? ಒಳಗೆ ಸೇರ್ಕೊಂಡಿದೆ. ಈ ಕಪ್ಪು ಅದರದ್ದೇ.”

“ಮತ್ತೆ ಬಣ್ಣ?” ಎಂದರು ಮಾವ.

“ಬಣ್ಣ ಹತ್ತಿದ್ರೂ ಉಗುರಿನ ಜೊತೆ ಮುಂದಕ್ಕೆ ಹೋಗಿಬಿಡುತ್ತೆ. ಕೈ ಉಗುರು ಹೆಚ್ಚುಕಡಿಮೆ ಆರು ತಿಂಗಳಿಗೆ ಪೂರ್ತಿ ಹೊಸದಾಗುತ್ತೆ. ಎರಡು ವರ್ಷದ ಹಿಂದಿನ ಉಗುರನ್ನ ನೀವೇ ಕತ್ತರಿಸಿ ಕತ್ತರಿಸಿ ಎಸೆದಾಗಿದೆ.”

ಮಾವ ತಲೆಯಾಡಿಸಿದರು. ರಕ್ತ ಪರೀಕ್ಷೆಗೆ ಕೈ ಕೊಟ್ಟರು, ಏಕೆಂದರೆ ಮಾತ್ರೆ ಶುರುಮಾಡುವ ಮೊದಲು ಲಿವರ್ ಸರಿಯಿದೆಯೇ ನೋಡಬೇಕಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅರ್ಧ ದಾರಿ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿದರು.

“ಹಾಗಾದ್ರೆ ಎರಡು ವರ್ಷದಿಂದ ನಾನು ದಿನಾ ನೋಡ್ತಿದ್ದದ್ದು ಬೂಷ್ಟಾ?”

“ಗುಣ ಆಗುತ್ತೆ ಮಾವ,” ಎಂದೆ. ಅವರು ಕೇಳಿದ್ದು ಅದಲ್ಲ ಎಂದು ನನಗೂ ಗೊತ್ತಿತ್ತು.

ಇಳಿಯುವ ಹೊತ್ತಿಗೆ ಅವರು ತಮಗೆ ಬೇಕಾದಂತೆ ಒಂದು ದಾರಿ ಕಂಡುಕೊಂಡಿದ್ದರು. “ಮೇಲೆ ಬೂಷ್ಟು ಹಿಡಿದಿರಬಹುದು. ಕೆಳಗೆ ಇರೋದು ಅವಳದ್ದೇ,” ಎಂದರು.

ರಕ್ತದ ವರದಿ ಚೆನ್ನಾಗಿತ್ತು. ಆರು ವಾರ ದಿನಕ್ಕೊಂದು ಮಾತ್ರೆ. ಹಂಡೆಗೆ ಕೈ ಹಾಕುವಾಗ ಒಳಗೆ ಹತ್ತಿಯ ಗ್ಲೌಸು, ಮೇಲೆ ರಬ್ಬರಿನದು. ಟವೆಲು ಬೇರೆ. ಮನೆಗೆಲ್ಲ ಒಂದೇ ಇದ್ದ ಉಗುರು ಕಟ್ಟರನ್ನು ನಾನು ಮಾವನಿಗೆ ಬಿಟ್ಟುಕೊಟ್ಟು ಉಳಿದವರಿಗೆ ಹೊಸದು ತಂದೆ.

“ಅವನಿಗೆ ಅಂತ ಪ್ರತ್ಯೇಕ ಕಟ್ಟರು, ಪ್ರತ್ಯೇಕ ಟವೆಲು, ಎರಡೆರಡು ಜೊತೆ ಗ್ಲೌಸು,” ಎಂದರು ಅಕ್ಕ. “ಮದುವೇಲೂ ಇವನಿಗೆ ಇಷ್ಟು ಸಾಮಾನು ಬಂದಿರ್ಲಿಲ್ಲ.”

ಗಡ್ಡೆಯಲ್ಲ ಎಂದು ತಿಳಿದದ್ದೇ ನಮ್ಮವರು ಮೊದಲಿನಂತಾದರು. ಆಲೂಗಡ್ಡೆ ಅವರ ತಟ್ಟೆಯಲ್ಲೇ ಉಳಿಯಿತು, ರೆಡಿ ಪುಡಿಯ ಪ್ಯಾಕೆಟ್ಟೂ ಒಂದು ಮನೆಗೆ ಬಂತು. ಮಾವ ಅದನ್ನು ಬಚ್ಚಲಿನ ಬಾಗಿಲು ಬಡಿಯದಂತೆ ಅಡ್ಡ ಇಟ್ಟರು.

ನಾಲ್ಕು ವಾರವಾಗುವಾಗ ಉಗುರಿನ ಬುಡದಲ್ಲಿ ಗುಲಾಬಿ ಬಣ್ಣದ ಸಣ್ಣ ಕಮಾನು ಕಾಣಿಸಿತು. ಮೊದಲು ನೋಡಿದವಳು ನಾನೇ.

“ನೋಡಿ ಮಾವ, ಹೊಸ ಉಗುರು ಬರ್ತಿದೆ. ಇದು ಮುಂದೆ ಬಂದ ಹಾಗೆ ಕಪ್ಪನ್ನ ತಳ್ಳಿಕೊಂಡು ಹೋಗುತ್ತೆ.”

“ಹೌದಾ,” ಎಂದರು. ಅಷ್ಟೇ.

ಎಂಟು ಹತ್ತು ದಿನ ಕಳೆದ ಮೇಲೆ ಅವರ ಕನ್ನಡಕ ಒರೆಸಿಕೊಡಲೆಂದು ಅದರ ಡಬ್ಬಿ ತೆರೆದರೆ ಒಳಗೆ ಒಂಬತ್ತು ಮಾತ್ರೆ. ಮಾತ್ರೆ ಎಣಿಸುವವಳು ನಾನು, ಎರಡನೆಯ ಸಲ ಎಣಿಸಬೇಕಾಗಲಿಲ್ಲ. ನೇರ ಹಿತ್ತಲಿಗೆ ಹೋದೆ.

“ಇದೇನು ಮಾವ?”

ಅವರು ಕೋಲಿನಿಂದ ಹಂಡೆ ತಿರುಗಿಸುತ್ತಲೇ ಇದ್ದರು. “ಮಾತ್ರೆ.”

“ಹೊಟ್ಟೇಲಿ ಇರಬೇಕಾದ್ದು ಡಬ್ಬೀಲಿ ಯಾಕಿದೆ? ನಾನು ದಿನಾ ಲೋಟದಲ್ಲಿ ನೀರು ಕೊಡ್ತಿದ್ದದ್ದು ಏತಕ್ಕೆ?”

“ಬಾಯಾರಿಕೆಗೆ.”

“ತಮಾಷೆ ಬೇಡ. ಅರ್ಧಕ್ಕೆ ಬಿಟ್ರೆ ಮತ್ತೆ ಬರುತ್ತೆ. ಇನ್ನೊಂದು ಬೆರಳಿಗೆ ಹೋಗುತ್ತೆ.”

“ಹೋಗ್ತಾ ಇದೆ ಅದು,” ಎಂದರು ಮಾವ.

“ಹೋಗಲಿ ಅಂತಾನೇ ಅಲ್ವಾ ಮಾತ್ರೆ ಕೊಟ್ಟಿರೋದು?”

ಅವರು ಕೋಲು ನಿಲ್ಲಿಸಿದರು. “ಅವಳದ್ದು ಅಂತ ಈ ಮನೇಲಿ ಇರೋದು ಇದೊಂದೇ. ನಿಮಗೆಲ್ಲ ಅವಳು ಹೋಗಿ ಎರಡು ವರ್ಷ. ನನಗೆ ದಿನಾ ಬೆಳಗ್ಗೆ ಈ ಬಾಗಿಲಲ್ಲಿ ಐದು ನಿಮಿಷ ಅವಳು ಇರ್ತಾಳೆ. ಅದನ್ನ ಕತ್ತರಿಸಿ ಎಸೀರಿ ಅಂತೀರಿ.”

ಅಕ್ಕ ಅಡುಗೆಮನೆಯಿಂದಲೇ, “ಬೂಷ್ಟನ್ನ ಹೆಂಡ್ತಿ ಅಂತಾನಲ್ಲ,” ಎಂದರು.

“ನೀನು ಮಾತಾಡಬೇಡ. ಎಸೆದೋಳು ನೀನು.”

“ಹೂಂ, ಎಸೆದೆ. ಎಸೆದೆ. ಎಸೆದೆ. ಸಾಕಾ?” ಅಕ್ಕನ ಧ್ವನಿ ಒಡೆಯಿತು. “ನನಗೆ ಅವಳು ಬೇಡವಾಗಿದ್ಲಾ? ಅವಳ ಬಟ್ಟೆ, ಅವಳ ಬಾಚಣಿಗೆ ಕಣ್ಣಿಗೆ ಬಿದ್ದಾಗೆಲ್ಲ ಕೈಕಾಲು ಆಡ್ತಿರ್ಲಿಲ್ಲ. ಒಂದೇ ಸಲಕ್ಕೆ ಎಲ್ಲ ತೆಗೆದುಬಿಟ್ರೆ ನೀನು ಉಳೀತೀಯ ಅಂದ್ಕೊಂಡೆ.”

ಆ ದಿನದ ಬಟ್ಟೆ ಹಂಡೆಯಲ್ಲೇ ಹೆಚ್ಚು ಹೊತ್ತು ಉಳಿದು ಹಾಳಾಯಿತು. ಮಾತ್ರೆ ಮಾತ್ರ ಮಾವ ನುಂಗಲಿಲ್ಲ. ನಾನು ಎರಡು ದಿನ ಅವರಿಗೆ ನೀರು ಕೊಡುವುದನ್ನು ಬಿಟ್ಟೆ. ಅದು ನನ್ನ ಮುಷ್ಕರ.

ಮೂರನೆಯ ದಿನ ನನಗೆ ರಜೆ. ಮಧ್ಯಾಹ್ನಕ್ಕೆ ಮುಂಚೆ ಒಬ್ಬ ವಕೀಲಮ್ಮ ಅಂಗಡಿಗೆ ಬಂದರು. ನಾಲ್ಕು ವರ್ಷ ಬೇರೆ ಊರಿನ ಕೋರ್ಟಿನಲ್ಲಿದ್ದು ಈಗ ವಾಪಸ್ ಬಂದವರು. ಚೀಲದಿಂದ ಒಂದು ಕೋಟು ತೆಗೆದರು. ಭುಜ, ಮೊಣಕೈ ಎಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು.

“ನಿಮ್ಮಲ್ಲೇ ಮಾಡಿಸಿದ್ದು. ನಿಮ್ಮ ಮನೆಯವರು ಮಾಡಿಕೊಟ್ಟಿದ್ರು. ಅವರಿಲ್ವಾ?”

“ಇಲ್ಲ,” ಎಂದರು ಮಾವ. ಆಮೇಲೆ ಕೋಟಿನ ಕಡೆ ನೋಡಿ, “ಇದು ಅವಳು ಹಾಕಿದ ಕಪ್ಪಲ್ಲ ಬಿಡಿ. ಅವಳದ್ದು ಮಾಸೋದಿಲ್ಲ,” ಎಂದರು.

“ಅಯ್ಯೋ, ಅವರೇ ಕೈಯಾರೆ ಕೊಟ್ಟದ್ದು. ನಾಲ್ಕು ವರ್ಷ ಬಿಸಿಲಲ್ಲಿ ಓಡಾಡಿದ್ದೀನಿ, ಯಾವ ಬಣ್ಣ ತಾನೆ ಇರುತ್ತೆ?”

ಮಾಸಿದ ಬಟ್ಟೆಯ ಮೊದಲಿನ ಬಣ್ಣ ತಿಳಿಯಬೇಕಾದರೆ ಒಳಹೊಲಿಗೆ ಬಿಚ್ಚಿ ನೋಡಬೇಕು. ಬೆಳಕು ಕಾಣದ ಜಾಗ ಅದು. ಮಾವ ಅಭ್ಯಾಸಬಲದಿಂದ ಒಂದು ಪಕ್ಕದ ಹೊಲಿಗೆ ಬಿಚ್ಚಿದರು, ಎರಡು ಬೆರಳು ಹಾಕಿ ಬಟ್ಟೆ ಅಗಲಿಸಿದರು. ಹಾಗೇ ನಿಂತುಬಿಟ್ಟರು. ಆಮೇಲೆ ಕೋಟು ಎತ್ತಿಕೊಂಡು, ಗಿರಾಕಿಯನ್ನು ಅಲ್ಲೇ ಬಿಟ್ಟು, ನೇರ ಹಿತ್ತಲ ಬಾಗಿಲಿಗೆ ನಡೆದರು. ನಾನು ಹಿಂದೆಯೇ ಹೋದೆ.

ಹಗಲಿನ ಬೆಳಕಿನಲ್ಲಿ ಹೊಲಿಗೆಯ ಒಳಗಿನ ಕಪ್ಪು ಹೊಸದಾಗಿತ್ತು. ಮಾವ ಅದರ ಪಕ್ಕ ಹೆಬ್ಬೆರಳನ್ನು ಇಟ್ಟರು. ಉಗುರು ಕಂದು. ಬರೀ ಕೊಳೆಯಾದ ಕಂದು, ಅಂಚಿನಲ್ಲಿ ಹಸಿರು ಹಳದಿ. ಬಣ್ಣ ಗೊತ್ತಿಲ್ಲದ ನನಗೂ ಅದು ಕಂಡಿತು, ನಲವತ್ತು ವರ್ಷದ ಕಣ್ಣಿಗೆ ಕಾಣದೆ ಇರುತ್ತದೆಯೇ.

“ನೀಲಿ ಇದೆ ಇದರಲ್ಲಿ,” ಎಂದರು ಮಾವ. “ಅವಳ ಕಪ್ಪಲ್ಲಿ ನೀಲಿ ಇತ್ತು.”

ಬಾಗಿಲ ಹೊಸ್ತಿಲ ಮೇಲೆ ಕೂತರು. ಕೋಟು ತೊಡೆಯ ಮೇಲೆ. ಅವರು ಅಳುತ್ತಿದ್ದರು, ಮುಚ್ಚಿಕೊಳ್ಳಲೂ ಇಲ್ಲ.

“ಉಗುರಲ್ಲಿ ಇಟ್ಕೊಂಡಿದ್ದೀನಿ ಅಂತ ಮೆರೀತಿದ್ದೆ. ಅವಳ ಕಪ್ಪು ಹೇಗಿತ್ತು ಅನ್ನೋದೇ ಮರೆತುಹೋಗಿತ್ತಮ್ಮ ನನಗೆ. ಯಾರು ಕೇಳಿದ್ರೂ ಆಣೆ ಮಾಡಿ ಹೇಳ್ತಿದ್ದೆ ಇದೇ ಅಂತ. ಮರೆತುಹೋಗಿತ್ತು.”

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದರು. “ನೀಲಿನಾ?” ಬಟ್ಟೆಯ ಅಂಚನ್ನು ಬೆಳಕಿಗೆ ಎತ್ತಿ ಹಿಡಿದರು. “ಅದಕ್ಕೇ ಮತ್ತೆ. ನೀಲಿ ಡಬ್ಬ ಇಷ್ಟು ಬೇಗ ಹೇಗೆ ಖಾಲಿ ಆಗುತ್ತೆ, ತೂಕದಲ್ಲಿ ಮೋಸ ಮಾಡ್ತಾನೆ ಅಂತ ಪುಡಿಯವನ ಜೊತೆ ನೀನು ಪ್ರತಿ ಸಲ ಜಗಳ ಆಡ್ತಿದ್ದೆ. ಅವಳು ಅಡುಗೆಮನೇಲಿ ಸೆರಗು ಬಾಯಿಗೆ ಒತ್ತಿಕೊಂಡು ನಗೋಳು. ಯಾಕೆ ಅಂದ್ರೆ ಏನಿಲ್ಲ ಅನ್ನೋಳು. ಕಪ್ಪಿಗೆ ಹೋಗ್ತಿತ್ತು ಅಂತ ನನಗೆ ಈಗ ಹೊಳೀತು.”

“ನನಗೆ ಹೇಳಬಹುದಿತ್ತಲ್ಲ.”

“ಕಪ್ಪಿಗೆ ನೀಲಿ ಹಾಕ್ತೀನಿ ಅಂದಿದ್ರೆ ಬಿಡ್ತಿದ್ದೆಯಾ?”

“ಇಲ್ಲ.”

“ಮತ್ತೆ?”

ಮಾವ ಅಳುತ್ತಲೇ ನಕ್ಕರು. ಪುಡಿಯವನನ್ನು ಹನ್ನೆರಡು ವರ್ಷ ಕಳ್ಳ ಎಂದು ಕರೆದಿದ್ದರಂತೆ. ಅಕ್ಕ ಅವರ ಪಕ್ಕ ಹೊಸ್ತಿಲ ಮೇಲೆ ಕಷ್ಟಪಟ್ಟು ಕೂತರು. ಇಬ್ಬರೂ ಸೇರಿ ಆ ಪುಡಿಯವನ ಮುಖವನ್ನು ನೆನೆಸಿಕೊಳ್ಳುತ್ತಿದ್ದರೆ, ಕೌಂಟರಿನಲ್ಲಿ ನಿಂತಿದ್ದ ವಕೀಲಮ್ಮನಿಗೆ ನಾನು ಟೀ ಕೊಟ್ಟು ಬಂದೆ.

ಹಂಡೆಗೆ ಇಳಿದರೆ ಕೋಟಿನ ಒಳಹೊಲಿಗೆಗೂ ಹೊಸ ಬಣ್ಣ ಕೂರುತ್ತದೆ. ಮಾವ ವಕೀಲಮ್ಮನ ಅಪ್ಪಣೆ ಕೇಳಿ ಹೊಲಿಗೆಯ ಒಳಗಿನಿಂದ ಎರಡು ಬೆರಳಗಲದ ಚೂರನ್ನು ಕತ್ತರಿಸಿಕೊಂಡರು. ಆಮೇಲೆ ನನ್ನತ್ತ ತಿರುಗಿ, “ಆ ಮಾತ್ರೆ ಎಲ್ಲಿಟ್ಟೆ?” ಎಂದರು. ನಾನು ನೀರು ತಂದೆ.

ಡಾಕ್ಟರು ಬೈದರು. ಬಿಟ್ಟ ದಿನಗಳನ್ನು ಸೇರಿಸಿ ಮಾತ್ರೆಯನ್ನು ಮುಂದುವರಿಸಿದರು. ಮಾವ ಒಂದು ದಿನವೂ ತಪ್ಪಿಸಲಿಲ್ಲ, ಗ್ಲೌಸಿಲ್ಲದೆ ಹಂಡೆಯ ಹತ್ತಿರ ಸುಳಿಯಲಿಲ್ಲ. ಗುಲಾಬಿ ಉಗುರು ವಾರವಾರಕ್ಕೂ ಮುಂದೆ ಬಂತು. ಕೊನೆಯ ಕಪ್ಪು ತುಂಡನ್ನು ಅವರು ಯಾವತ್ತು ಕತ್ತರಿಸಿದರೋ ನಮಗ್ಯಾರಿಗೂ ಗೊತ್ತಾಗಲಿಲ್ಲ. ಒಂದು ಬೆಳಗ್ಗೆ ಟೀ ಲೋಟ ಹಿಡಿದಾಗ ಬೆರಳು ಎಲ್ಲರ ಬೆರಳಿನಂತೆ ಇತ್ತು, ಅಷ್ಟೇ. ಬದಲಿಗೆ ಅವರು ಮಾತಾಡಲು ಶುರುಮಾಡಿದ್ದರು. ನೀಲಿ ಪುಡಿಯನ್ನು ಚಮಚ ಚಮಚವಾಗಿ ಹಾಕಿ ನೋಡುವಾಗ, ಅವಳು ಹೀಗೆ ನಿಲ್ಲುತ್ತಿದ್ದಳು, ಹೀಗೆ ಕೋಲು ಹಿಡಿಯುತ್ತಿದ್ದಳು, ನನಗೆ ಬೆನ್ನು ಹಾಕಿ ಕಲಸುತ್ತಿದ್ದಳು, ಬೆನ್ನು ಯಾಕೆಂದು ನನಗೆ ಆಗ ತಿಳಿಯಲಿಲ್ಲ, ಎಂದು ನಮ್ಮವರಿಗೆ ಹೇಳುತ್ತಿದ್ದರು. ನಮ್ಮವರೂ ಸುಮ್ಮನೆ ಕೇಳುತ್ತಿದ್ದರು. ಅವರಿಗೂ ಅಮ್ಮನ ಮಾತು ಎರಡು ವರ್ಷದಿಂದ ಸಿಕ್ಕಿರಲಿಲ್ಲ.

ದರ್ಜಿ ಆ ಕೊನೆಯ ಸಲ ನೋಡೋಣವೆಂದು ಬಂದಾಗ ಹಿತ್ತಲ ಹಗ್ಗದ ಮೇಲೆ ಆರು ಕೋಟು ಒಣಗುತ್ತಿದ್ದವು. ಅವನು ಒಂದರ ತೋಳನ್ನು ಎತ್ತಿ ಬೆಳಕಿಗೆ ಹಿಡಿದ.

“ಯಜಮಾನ್ರೆ, ಅಮ್ಮ ಇದ್ದಾಗಿನ ಕಪ್ಪೇ ಬಂತಲ್ಲ.”

ಮಾವ ಕೋಟುಗಳನ್ನು ಹಗ್ಗದಿಂದ ಇಳಿಸಿ ಮಡಿಸಿಕೊಟ್ಟರು. ಅವನು ಕೋಟುಗಳನ್ನು ಕಟ್ಟಿಕೊಂಡು ಹೋದ ಮೇಲೆ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು. ಒಂದು ಕೈಯಲ್ಲಿ ಅತ್ತೆಯ ಚೂರು, ಇನ್ನೊಂದರಲ್ಲಿ ಇವತ್ತಿನದು.

“ನೀನು ಹೇಳು.”

ನಾನು ನೋಡಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದೆ. “ಎರಡೂ ಒಂದೇ ಮಾವ.”

“ಇಲ್ಲಮ್ಮ,” ಎಂದರು. “ಅವಳದ್ದು ಇನ್ನೂ ಒಂಚೂರು ಆಳ. ಎಷ್ಟು ಹಾಕ್ತೀಯ ಅಂತ ಒಂದೇ ಒಂದು ಸಲ ಕೇಳಿದ್ರೆ ಹೇಳ್ತಿದ್ಲೇನೋ. ಕೇಳ್ಲೇ ಇಲ್ಲ ನಾನು.”

ಎರಡೂ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಜೇಬಿಗೆ ಹಾಕಿಕೊಂಡರು. “ನಾಳೆ ಇನ್ನೊಂದು ಕಾಲು ಚಮಚ ಹಾಕಿ ನೋಡ್ತೀನಿ,” ಎಂದು ನೀಲಿ ಡಬ್ಬವನ್ನು ತೆಗೆದು ಅಲ್ಲಾಡಿಸಿದರು. ಅದು ಆಗಲೇ ಅರ್ಧ ಖಾಲಿಯಾಗಿತ್ತು.